ಗಾಯ ಮಾಗಿದ ಮೇಲೆ: ಗಡಿನಾಡಿನ ಕ್ಷಯರೋಗಿಗಳ ಪುನರ್ವಸತಿಯ ಇತಿಹಾಸ

ಉಮರ್ಗಾ, ನಿಲಂಗಾ, ಉದಗೀರ ಎಂಬ ಮೂರು ಹೆಸರುಗಳನ್ನು ಒಟ್ಟಿಗೆ ಉಚ್ಚರಿಸಿದೊಡನೆ ನಮ್ಮ ಸಂಘದ ಸದಸ್ಯರಿಗೆ ನೆನಪಾಗುವುದು ಕಲ್ಯಾಣದ ಚಾಲುಕ್ಯರ ಆಳ್ವಿಕೆ, ನಿಲಂಗಾದ ನೀಲಕಂಠೇಶ್ವರ ದೇವಾಲಯ, ಉದಗೀರದ ಕೋಟೆ ಮತ್ತು ಆ ಕೋಟೆಯ ಹೆಸರಿನಲ್ಲಿ 1760ರಲ್ಲಿ ಮರಾಠರಿಗೂ ನಿಜಾಮನಿಗೂ ನಡೆದ ಯುದ್ಧ. ಸ್ಮರಣ ಸಂಚಿಕೆಗಳಲ್ಲಿ ಈ ವಿಷಯಗಳನ್ನು ಕುರಿತು ವಿದ್ವಾಂಸರು ಬರೆದಿದ್ದಾರೆ, ಇನ್ನೂ ಬರೆಯುವರು. ಆದರೆ ಶಾಸನಗಳಲ್ಲಿ ಕೆತ್ತದ, ಕೋಟೆಯ ಗೋಡೆಗಳಲ್ಲಿ ಕಾಣದ ಇನ್ನೊಂದು ಇತಿಹಾಸವೂ ಈ ನೆಲಕ್ಕಿದೆ. ಅದು ಕಾಯಿಲೆಬಿದ್ದವರ ಇತಿಹಾಸ. ಅದಕ್ಕಿಂತ ಮುಖ್ಯವಾಗಿ, ಕಾಯಿಲೆಯಿಂದ ಎದ್ದು ಮನೆಗೆ ಮರಳಿದವರ ಇತಿಹಾಸ. ಕ್ಷಯರೋಗಕ್ಕಾಗಿ ಎದೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದವರು ಮುಂದೆ ಹೇಗೆ ಬಾಳಿದರು, ಅವರ ಬಾಳಿಗೆ ಯಾರು ಆಸರೆಯಾದರು, ಯಾರು ಆಗಲಿಲ್ಲ ಎಂಬುದನ್ನು ತಿಳಿದಮಟ್ಟಿಗೆ ಇಲ್ಲಿ ನಿರೂಪಿಸಲು ನಾವು ಯತ್ನಿಸಿದ್ದೇವೆ.

ರಾಜರೋಗವೆಂಬ ಹೆಸರು

ಕ್ಷಯವು ನಮ್ಮವರಿಗೆ ಹೊಸ ರೋಗವಲ್ಲ. ಚರಕಸಂಹಿತೆಯಲ್ಲಿ ರಾಜಯಕ್ಷ್ಮಕ್ಕೆ ಪ್ರತ್ಯೇಕ ಅಧ್ಯಾಯವಿದೆ. ದಕ್ಷನ ಹಲವು ಹೆಣ್ಣುಮಕ್ಕಳನ್ನು ವರಿಸಿದ ಚಂದ್ರನು ರೋಹಿಣಿಯೊಬ್ಬಳನ್ನೇ ಪ್ರೀತಿಸಿ, ಮಾವನ ಶಾಪದಿಂದ ದಿನದಿನಕ್ಕೆ ಕ್ಷೀಣಿಸಿದನೆಂಬ ಪುರಾಣಕಥೆಯನ್ನು ನಮ್ಮ ಹಿರಿಯರು ಈ ರೋಗದ ಮೂಲವೆಂದೇ ಹೇಳುತ್ತಿದ್ದರು. ಕಥೆ ಸುಂದರವಾದುದು; ಆದರೆ ರೋಗವು ಶಾಪದ ಫಲವೆಂಬ ಭಾವನೆಯನ್ನೂ ಅದು ಜನಮನದಲ್ಲಿ ಉಳಿಸಿತು. ಹೊಸಗನ್ನಡದ ಮುಂಗೋಳಿ ಎನಿಸಿದ ಮುದ್ದಣ ಕವಿಯನ್ನು ಈ ರೋಗ 1901ರಲ್ಲಿ, ಮೂವತ್ತೊಂದರ ಹರೆಯದಲ್ಲೇ ಒಯ್ದಿತು. ಅಂದಿಗಾಗಲೇ ಜರ್ಮನಿಯ ರಾಬರ್ಟ್ ಕಾಕ್ 1882ರ ಮಾರ್ಚ್ 24ರಂದು ಈ ರೋಗಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ಜಗತ್ತಿಗೆ ತೋರಿಸಿಕೊಟ್ಟು ಸುಮಾರು ಎರಡು ದಶಕಗಳಾಗಿದ್ದವು. ಕಾರಣ ತಿಳಿದಿತ್ತು, ಔಷಧ ಮಾತ್ರ ಇರಲಿಲ್ಲ.

ಔಷಧವಿಲ್ಲದ ಆ ಕಾಲದಲ್ಲಿ ಚಿಕಿತ್ಸೆಯೆಂದರೆ ಶುದ್ಧವಾದ ಗಾಳಿ, ಪುಷ್ಟಿಕರವಾದ ಆಹಾರ, ದೀರ್ಘವಾದ ವಿಶ್ರಾಂತಿ. ಇದಕ್ಕಾಗಿ ಕಟ್ಟಿದವುಗಳೇ ಸ್ಯಾನಟೋರಿಯಂಗಳು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಕ್ಷಯಕ್ಕೆ ಬಲಿಯಾದ ತಮ್ಮ ಸೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ 1921ರಲ್ಲಿ ಆರೋಗ್ಯಧಾಮವೊಂದನ್ನು ತೆರೆದರು. ಅರಮನೆಯ ಬಾಗಿಲನ್ನೂ ಲೆಕ್ಕಿಸದೆ ಬಂದ ರೋಗಕ್ಕೆ ರಾಜರೋಗವೆಂಬ ಹೆಸರು ಅಲ್ಲಿ ಅಕ್ಷರಶಃ ಸತ್ಯವಾಯಿತು. ಆಂಧ್ರದ ಮದನಪಲ್ಲಿಯ ಬಳಿ, ನಮ್ಮ ಕೋಲಾರ ಸೀಮೆಗೆ ಹತ್ತಿರದಲ್ಲೇ, ಡೆನ್ಮಾರ್ಕ್ ಮೂಲದ ವೈದ್ಯ ಫ್ರಿಮೋಟ್ ಮೊಲ್ಲರ್ ಅವರ ಮುಂದಾಳತ್ವದಲ್ಲಿ ಬೆಳೆದ ಆರೋಗ್ಯವರಂ ದಕ್ಷಿಣ ಭಾರತಕ್ಕೆಲ್ಲ ಹೆಸರಾಯಿತು.

ಎರಡು ರೈಲುಹಾದಿಗಳು

ಇನ್ನು ನಮ್ಮ ಭಾಗದ ಮಾತು. ನಿಲಂಗಾ ಮತ್ತು ಉದಗೀರ ತಾಲೂಕುಗಳು ಅಂದು ಹೈದರಾಬಾದ್ ಸಂಸ್ಥಾನದ ಬೀದರ ಜಿಲ್ಲೆಗೆ ಸೇರಿದ್ದವು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಕಚೇರಿಯಲ್ಲಿ ಉರ್ದು ಎಂಬುದು ನಿತ್ಯದ ಕ್ರಮವಾಗಿತ್ತು. ಜ್ವರ ಇಳಿಯದೆ, ಕೆಮ್ಮಿನಲ್ಲಿ ರಕ್ತ ಕಂಡಾಗ ರೋಗಿಯ ಮನೆಯವರ ಮುಂದೆ ಎರಡು ದಾರಿಗಳಿದ್ದವು. ಎರಡೂ ರೈಲಿನ ದಾರಿಗಳೇ.

ಒಂದು ಪೂರ್ವದ ಕಡೆಗೆ. ನಿಜಾಮರ ರೈಲ್ವೆ ಹಾಕಿದ ಪರಳಿ–ವಿಕಾರಾಬಾದ್ ಮಾರ್ಗ ಉದಗೀರ, ಬೀದರಗಳ ಮೂಲಕ ಹಾದುಹೋಗುತ್ತದೆ. ಆ ಹಾದಿಯ ಕೊನೆಯಲ್ಲಿ, ಮೂಸಿ ನದಿ ಹುಟ್ಟುವ ಅನಂತಗಿರಿಯ ಗುಡ್ಡಗಾಡಿನಲ್ಲಿ, ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲೀ ಖಾನರ ಕಾಲದಲ್ಲಿ, 1940ರ ದಶಕದಲ್ಲಿ ಕ್ಷಯರೋಗಿಗಳ ಆರೋಗ್ಯಧಾಮ ತಲೆಯೆತ್ತಿತು. ಇನ್ನೊಂದು ದಾರಿ ಪಶ್ಚಿಮಕ್ಕೆ. ಲಾತೂರಿನಿಂದ ಬಾರ್ಸಿ ಲೈಟ್ ರೈಲ್ವೆಯ ಪುಟ್ಟ ಗಾಡಿ, ಎರಡೂವರೆ ಅಡಿ ಅಗಲದ ಹಳಿಯ ಮೇಲೆ ಕುರ್ಡುವಾಡಿ, ಪಂಢರಪುರಗಳನ್ನು ದಾಟಿ ಮಿರಜ್ ತಲುಪುತ್ತಿತ್ತು. ಪಂಢರಪುರಕ್ಕೆ ವಿಠ್ಠಲನ ದರ್ಶನಕ್ಕೆ ಹೊರಟವರ ನಡುವೆಯೇ, ಮಿರಜಿಗೆ ಹೊರಟ ರೋಗಿಯೂ ಕಂಬಳಿ ಹೊದ್ದು ಮೂಲೆಯಲ್ಲಿ ಕುಳಿತಿರುತ್ತಿದ್ದ. ಮಿರಜಿನಲ್ಲಿ ಕೆನಡಾದಿಂದ ಬಂದ ಡಾಕ್ಟರ್ ವಿಲಿಯಂ ವಾನ್ಲೆಸ್ ಕಟ್ಟಿದ ದೊಡ್ಡ ಆಸ್ಪತ್ರೆಯಿತ್ತು. ಸಾಂಗ್ಲಿ–ಮಿರಜ್ ನಡುವೆ ಅವರ ಹೆಸರನ್ನೇ ಹೊತ್ತ ವಾನ್ಲೆಸ್‌ವಾಡಿಯಲ್ಲಿ 1920ರ ಸುಮಾರಿಗೆ ಕ್ಷಯರೋಗಿಗಳಿಗೆಂದೇ ಸ್ಯಾನಟೋರಿಯಂ ಆರಂಭವಾಗಿತ್ತು.

ಆದರೂ ಹಾಸಿಗೆ ಸಿಕ್ಕವರು ಪುಣ್ಯವಂತರೆನ್ನಬೇಕು. 1946ರಲ್ಲಿ ವರದಿ ಒಪ್ಪಿಸಿದ ಭೋರ್ ಸಮಿತಿಯು ಇಡೀ ದೇಶದಲ್ಲಿ ಸುಮಾರು 25 ಲಕ್ಷ ಸಕ್ರಿಯ ಕ್ಷಯರೋಗಿಗಳಿರುವರೆಂದೂ, ವರ್ಷಕ್ಕೆ ಸುಮಾರು 5 ಲಕ್ಷ ಜನ ಸಾಯುತ್ತಿರುವರೆಂದೂ, ಅವರಿಗಾಗಿ ಇರುವ ಹಾಸಿಗೆಗಳು ಸುಮಾರು 6 ಸಾವಿರ ಮಾತ್ರವೆಂದೂ ಅಂದಾಜಿಸಿತು. ನಾಲ್ಕುನೂರಕ್ಕೂ ಹೆಚ್ಚು ರೋಗಿಗಳಿಗೆ ಒಂದು ಹಾಸಿಗೆ! ಈ ಲೆಕ್ಕವನ್ನು ನಮ್ಮ ಗಣಿತದ ತರಗತಿಯಲ್ಲಿ ಹಲವು ವರ್ಷ ಮಕ್ಕಳಿಂದ ಮಾಡಿಸಿದ್ದೇವೆ.

ಪಕ್ಕೆಲುಬಿನ ಬೆಲೆ

ವಿಶ್ರಾಂತಿಯಿಂದ ವಾಸಿಯಾಗದವರಿಗೆ ಉಳಿದ ಉಪಾಯವೆಂದರೆ ರೋಗಗ್ರಸ್ತವಾದ ಶ್ವಾಸಕೋಶವನ್ನೇ ವಿಶ್ರಾಂತಿಗೆ ಇಳಿಸುವುದು. ಇಟಲಿಯ ಕಾರ್ಲೋ ಫೋರ್ಲಾನಿನಿ ಎದೆಗೂಡಿನೊಳಗೆ ಸೂಜಿಯಿಂದ ಗಾಳಿ ತುಂಬಿ ಶ್ವಾಸಕೋಶವನ್ನು ಕುಗ್ಗಿಸುವ ಕ್ರಮವನ್ನು ಹತ್ತೊಂಬತ್ತನೆಯ ಶತಮಾನದ ಕೊನೆಗೆ ರೂಢಿಗೆ ತಂದನು. ತುಂಬಿದ ಗಾಳಿ ಕೆಲವೇ ದಿನಗಳಲ್ಲಿ ಇಂಗಿಹೋಗುತ್ತಿದ್ದುದರಿಂದ ಮತ್ತೆ ಮತ್ತೆ ತುಂಬಿಸಿಕೊಳ್ಳಲು ರೋಗಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಬರಬೇಕಾಗುತ್ತಿತ್ತು. ಅದೂ ಸಾಲದಾದಾಗ ಥೊರಾಕೊಪ್ಲಾಸ್ಟಿ. ಜರ್ಮನಿಯ ಬ್ರಾವರ್, ಸಾವರ್‌ಬ್ರೂಖ್ ಮೊದಲಾದವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೆಳೆಸಿದ ಈ ಶಸ್ತ್ರಕ್ರಿಯೆಯಲ್ಲಿ ರೋಗವಿರುವ ಪಕ್ಕದ ಏಳೆಂಟು ಪಕ್ಕೆಲುಬುಗಳನ್ನು ಎರಡು ಮೂರು ಕಂತುಗಳಲ್ಲಿ ತೆಗೆಯಲಾಗುತ್ತಿತ್ತು. ಎದೆಯ ಗೋಡೆ ಒಳಗೆ ಕುಸಿಯುತ್ತಿತ್ತು. ಅದರೊಡನೆ ಶ್ವಾಸಕೋಶದಲ್ಲಿ ರೋಗ ಕೊರೆದ ಗುಳಿಯೂ ಮುಚ್ಚಿಕೊಳ್ಳುತ್ತಿತ್ತು. ಒಂದು ಕಂತು ಮುಗಿಸಿ, ನೋವು ಆರುವ ಮುನ್ನವೇ ಮುಂದಿನ ಕಂತಿಗೆ ಸಿದ್ಧನಾಗಬೇಕಾದ ರೋಗಿಯ ಧೈರ್ಯವನ್ನು ಯಾವ ಯೋಧನ ಧೈರ್ಯಕ್ಕೂ ಕಡಮೆಯೆನ್ನಲಾಗದು.

ಮುಂದೆ ಅರಿವಳಿಕೆ, ರಕ್ತಪೂರಣ, ಪ್ರತಿಜೀವಕಗಳು ಸುಧಾರಿಸಿದಂತೆ ಶ್ವಾಸಕೋಶದ ಹಾಳಾದ ಭಾಗವನ್ನೇ ತೆಗೆಯುವುದು ಸಾಧ್ಯವಾಯಿತು. ಬಲ ಶ್ವಾಸಕೋಶಕ್ಕೆ ಮೂರು ಹಾಲೆಗಳು, ಎಡಕ್ಕೆ ಎರಡು; ಅವುಗಳಲ್ಲಿ ಒಂದನ್ನೋ, ಅಗತ್ಯವಾದರೆ ಇಡೀ ಒಂದು ಶ್ವಾಸಕೋಶವನ್ನೋ ತೆಗೆಯುತ್ತಾರೆ. ಒಂದೇ ಶ್ವಾಸಕೋಶದಿಂದ ಮನುಷ್ಯ ಬದುಕಬಲ್ಲನೇ ಎಂಬ ಪ್ರಶ್ನೆಗೆ ಅಮೆರಿಕದ ಎವಾರ್ಟ್ಸ್ ಗ್ರಹಾಂ 1933ರಲ್ಲಿ ಉತ್ತರ ನೀಡಿದರು. ಕ್ಯಾನ್ಸರಿಗಾಗಿ ಅವರು ಒಂದು ಶ್ವಾಸಕೋಶವನ್ನು ಪೂರ್ಣವಾಗಿ ತೆಗೆದ ರೋಗಿ ಸ್ವತಃ ವೈದ್ಯರಾಗಿದ್ದು, ಅನಂತರ ಸುಮಾರು 30 ವರ್ಷ ಬಾಳಿದರು. ತಮಗೆ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಗಿಂತಲೂ ಹೆಚ್ಚು ಕಾಲ ಉಳಿದರು. ನಮ್ಮ ದೇಶದಲ್ಲಿ 1940ರ ದಶಕದ ಕೊನೆಗೆ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿಗೆ ಬಂದ ಡಾಕ್ಟರ್ ರೀವ್ ಬೆಟ್ಸ್ ಎದೆಯ ಶಸ್ತ್ರಚಿಕಿತ್ಸೆಯನ್ನು ಒಂದು ಶಾಸ್ತ್ರವಾಗಿ ನೆಲೆಗೊಳಿಸಿದರು.

ಶಸ್ತ್ರವೈದ್ಯನ ಕೆಲಸ ಮುಗಿದಲ್ಲಿ ಇನ್ನೊಂದು ಕೆಲಸ ಆರಂಭವಾಗುತ್ತದೆ. ಪಕ್ಕೆಲುಬು ತೆಗೆದ ಪಕ್ಕದಲ್ಲಿ ಹೆಗಲಿನ ಹಲಗೆಯೆಲುಬಿಗೆ ಆಧಾರ ತಪ್ಪುತ್ತದೆ. ನೋವಿಗೆ ಹೆದರಿ ರೋಗಿ ತೋಳನ್ನು ಎದೆಗೆ ಅವುಚಿಕೊಳ್ಳುತ್ತಾನೆ. ಕೆಲವೇ ವಾರಗಳಲ್ಲಿ ಕೀಲು ಬಿಗಿಯುತ್ತದೆ, ಹೆಗಲು ಜೋಲುತ್ತದೆ, ಬೆನ್ನುಮೂಳೆ ವಾಲುತ್ತದೆ, ಕುತ್ತಿಗೆ ಒಂದು ಕಡೆಗೆ ತಿರುಗುತ್ತದೆ. ಕೆಮ್ಮಲು ಹೆದರಿದರೆ ಕಫ ಉಳಿದು ಮತ್ತೆ ಜ್ವರ. ಆದ್ದರಿಂದ ಗಾಯದ ಮೇಲೆ ದಿಂಬನ್ನು ಒತ್ತಿಹಿಡಿದು ಕೆಮ್ಮುವುದು, ಹೊಟ್ಟೆಯುಬ್ಬಿಸಿ ಆಳವಾಗಿ ಉಸಿರೆಳೆಯುವುದು, ಬೆರಳುಗಳಿಂದ ಗೋಡೆಯನ್ನು ಮೆಟ್ಟಿಲುಮೆಟ್ಟಿಲಾಗಿ ಏರುತ್ತ ತೋಳೆತ್ತುವುದು, ಕನ್ನಡಿಯ ಮುಂದೆ ನೆಟ್ಟಗೆ ಕುಳಿತು ಎರಡು ಹೆಗಲನ್ನೂ ಸಮಮಾಡುವುದು, ದಿನಕ್ಕಿಷ್ಟು ಹೆಜ್ಜೆಯೆಂದು ನಡಿಗೆಯನ್ನು ಬೆಳೆಸುವುದು, ಇವೆಲ್ಲ ಮಾತ್ರೆಯಷ್ಟೇ ಮುಖ್ಯವಾದ ಚಿಕಿತ್ಸೆ. ಪುನರ್ವಸತಿಯೆಂಬ ದೊಡ್ಡ ಪದದ ಮೊದಲ ಅರ್ಥ ಇಷ್ಟೇ: ತೆಗೆದುಹಾಕಿದ್ದನ್ನು ಮರಳಿ ಕೊಡಲಾಗದು, ಉಳಿದುದನ್ನು ಪೂರ್ಣವಾಗಿ ಬಳಸಲು ಕಲಿಸಬಹುದು.

ಬಾವಿಯ ರಾಟೆ

ನಾವು ಅಧ್ಯಾಪಕ ವೃತ್ತಿಗೆ ಸೇರಿದ ಹೊಸದರಲ್ಲಿ ನಮ್ಮ ಶಾಲೆಯಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರಿದ್ದರು. 1950ರ ದಶಕದಲ್ಲಿ ದೂರದ ದವಾಖಾನೆಯೊಂದರಲ್ಲಿ ಅವರ ಎಡಪಕ್ಕದ ಪಕ್ಕೆಲುಬುಗಳನ್ನು ತೆಗೆದಿದ್ದರು. ಅಂಗಿಯ ಎಡಹೆಗಲಿನೊಳಗೆ ಮಡಿಸಿದ ಬಟ್ಟೆಯಿಟ್ಟು ಹೊಲಿಸಿಕೊಳ್ಳುತ್ತಿದ್ದರು. ಊರಿನ ಹುಡುಗರು ಅವರನ್ನು ಹೆಗಲು ಮಾಸ್ತರರೆಂದೇ ಕರೆಯುತ್ತಿದ್ದರು. ಮನೆಯಲ್ಲಿ ಕನ್ನಡ, ಓದಿದ್ದು ಉರ್ದು, ರಾಜ್ಯ ಬದಲಾದ ಮೇಲೆ ಕಲಿತದ್ದು ಮರಾಠಿ. ದವಾಖಾನೆಯಿಂದ ಹೊರಡುವಾಗ ಕೊಟ್ಟ ಚೀಟಿ ಮಾತ್ರ ಇಂಗ್ಲಿಷಿನಲ್ಲಿತ್ತು. ಅದರಲ್ಲಿ ನಿತ್ಯ ಮಾಡಬೇಕಾದ ವ್ಯಾಯಾಮಗಳ ಪಟ್ಟಿಯಿದ್ದಿತೆಂಬುದು ಅವರಿಗೆ ತಿಳಿದದ್ದು ಬಹಳ ತಡವಾಗಿ, ಊರಿಗೆ ಬಂದ ಓದಿದವರೊಬ್ಬರು ಅದನ್ನು ಬಿಡಿಸಿ ಹೇಳಿದಾಗ.

ಆಗಲೇ ತೋಳು ಅರ್ಧ ಬಿಗಿದಿತ್ತು. ಅವರ ತಾಯಿ ಕಂಡುಕೊಂಡ ಉಪಾಯ ಅಂಗಳದ ಬಾವಿ. ರಾಟೆಯ ಹಗ್ಗದ ಒಂದು ತುದಿ ಬಲಗೈಯಲ್ಲಿ, ಇನ್ನೊಂದು ಎಡಗೈಯಲ್ಲಿ. ಕೊಡವಿಲ್ಲದೆ, ಬರಿಯ ಹಗ್ಗವನ್ನು ಬಲಗೈ ಇಳಿಸಿದಂತೆ ಎಡಗೈ ಮೇಲೇರಬೇಕು. ಬೆಳಿಗ್ಗೆ ನೂರು, ಸಂಜೆ ನೂರು. ಆಸ್ಪತ್ರೆಗಳ ವ್ಯಾಯಾಮ ಕೋಣೆಯಲ್ಲಿ ಇಂದಿಗೂ ಹೆಗಲಿಗಾಗಿ ತೂಗುಬಿಡುವ ರಾಟೆ ಇದೇ ತತ್ತ್ವದ್ದೆಂದು ಬಹುಕಾಲದ ಮೇಲೆ ನಾವು ಓದಿ ತಿಳಿದೆವು. ಆ ತಾಯಿ ಯಾವ ಪುಸ್ತಕವನ್ನೂ ಓದಿದವರಲ್ಲ.

ತೋಳು ಎದ್ದಿತು, ಆದರೆ ಬಾಳು ಏಳಲು ಇನ್ನೂ ಕಾಲ ಬೇಕಾಯಿತು. ಕಫದಲ್ಲಿ ರೋಗಾಣುವಿಲ್ಲವೆಂಬ ಪ್ರಮಾಣಪತ್ರವಿದ್ದರೂ ಕೆಲಸಕ್ಕೆ ಮರಳಿ ಸೇರಿಸಿಕೊಳ್ಳಲು ಕಚೇರಿಯೊಂದು ವರ್ಷಾನುಗಟ್ಟಲೆ ಸತಾಯಿಸಿತು. ಮನೆಯಲ್ಲಿ ಅವರ ಲೋಟ, ತಟ್ಟೆ ಬೇರೆಯೇ ಉಳಿದವು. ಅವರಿಗೆ ಹೆಣ್ಣು ಕೊಡಲು ಒಪ್ಪಿದ್ದ ಮನೆಯವರು ಮಾತು ಹಿಂತೆಗೆದರು. ಅವರು ಮದುವೆಯಾಗಲಿಲ್ಲ. ತಾವು ಗುಣವಾದದ್ದನ್ನು ಶ್ವಾಸಕೋಶ ನಂಬಿತು, ಊರು ನಂಬಲಿಲ್ಲ ಎಂದು ಒಮ್ಮೆ ನಗುತ್ತಲೇ ಹೇಳಿದ್ದರು. ಅವರು ಬಲಗೈಯಲ್ಲಿ ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದ ಅಕ್ಷರಗಳ ಅಂದವನ್ನು ನಮ್ಮ ಹಳೆಯ ವಿದ್ಯಾರ್ಥಿಗಳು ಇಂದಿಗೂ ನೆನೆಯುತ್ತಾರೆ.

ಪ್ಯಾಪ್‌ವರ್ತ್‌ನ ಪಾಠ

ಇಂತಹ ಬಾಳುಗಳಿಗೆ ಆಸರೆಯ ಮಾದರಿಗಳು ಜಗತ್ತಿನಲ್ಲಿ ಇರಲಿಲ್ಲವೆಂದಲ್ಲ. ಇಂಗ್ಲೆಂಡಿನ ಫ್ರಿಮ್ಲಿ ಸ್ಯಾನಟೋರಿಯಂನಲ್ಲಿ ಡಾಕ್ಟರ್ ಮಾರ್ಕಸ್ ಪ್ಯಾಟರ್ಸನ್ ಕಳೆದ ಶತಮಾನದ ಮೊದಲ ದಶಕದಲ್ಲೇ ರೋಗಿಗಳಿಗೆ ಅಳತೆಯ ದುಡಿಮೆಯನ್ನು ನಿಯಮಿಸಿದರು: ಮೊದಲು ನಡಿಗೆ, ಅನಂತರ ಸಣ್ಣ ಬುಟ್ಟಿಯಲ್ಲಿ ಮಣ್ಣು ಹೊರುವುದು, ಅನಂತರ ಸಣ್ಣ ಸನಿಕೆ, ಕೊನೆಗೆ ದೊಡ್ಡ ಸನಿಕೆ. ವೇಲ್ಸ್‌ನ ವೈದ್ಯ ಪೆಂಡ್ರಿಲ್ ವ್ಯಾರಿಯರ್ ಜೋನ್ಸ್ ಇನ್ನೂ ಮುಂದೆ ಹೋದರು. ಆರೋಗ್ಯಧಾಮದಲ್ಲಿ ಚೇತರಿಸಿಕೊಂಡವನನ್ನು ಅದೇ ಹೊಗೆ, ಅದೇ ಹಸಿವು, ಅದೇ ಕತ್ತಲ ಕೋಣೆಗೆ ಮರಳಿ ಕಳಿಸಿದರೆ ಖರ್ಚು ಮಾಡಿದ ಹಣವೂ ವ್ಯರ್ಥ, ಮನುಷ್ಯನೂ ವ್ಯರ್ಥ ಎಂಬುದು ಅವರ ವಾದವಾಗಿತ್ತು. 1918ರಲ್ಲಿ ಕೇಂಬ್ರಿಜ್ ಬಳಿಯ ಪ್ಯಾಪ್‌ವರ್ತ್‌ನಲ್ಲಿ ಅವರು ಕಟ್ಟಿದ್ದು ಬರಿಯ ಆಸ್ಪತ್ರೆಯಲ್ಲ, ಒಂದು ಊರು. ಅಲ್ಲಿ ರೋಗಿಯೊಡನೆ ಹೆಂಡತಿ ಮಕ್ಕಳು ಗಾಳಿಬೆಳಕಿನ ಮನೆಯಲ್ಲಿ ವಾಸಿಸುತ್ತಿದ್ದರು. ಬಡಗಿತನ, ಪೆಟ್ಟಿಗೆ ತಯಾರಿಕೆ, ಮುದ್ರಣ ಮೊದಲಾದ ಕಸಬುಗಳಲ್ಲಿ ಶಕ್ತಿಯಿದ್ದಷ್ಟು ಹೊತ್ತು ದುಡಿದು ಕೂಲಿ ಪಡೆಯುತ್ತಿದ್ದರು. ದಾನವಲ್ಲ, ದುಡಿಮೆಯ ಕೂಲಿ. ಅದೇ ಪ್ಯಾಪ್‌ವರ್ತ್ ಆಸ್ಪತ್ರೆ ಮುಂದೆ 1979ರಲ್ಲಿ ಬ್ರಿಟನ್ನಿನ ಮೊದಲ ಯಶಸ್ವಿ ಹೃದಯ ಕಸಿಗೆ ಹೆಸರಾಯಿತು.

ದುಡಿಮೆಯೇ ಪೂಜೆಯೆಂದು ಹನ್ನೆರಡನೆಯ ಶತಮಾನದಲ್ಲಿ ಸಾರಿದ ಶರಣರ ಕಲ್ಯಾಣ ನಮ್ಮ ಉಮರ್ಗಾಕ್ಕೆ ನೆರೆಯ ಊರು. ಕಾಯಕವೆಂಬುದು ರೋಗದಿಂದ ಎದ್ದವನಿಗೂ ಹಕ್ಕು ಎಂಬ ಅರ್ಥವನ್ನು ಪ್ಯಾಪ್‌ವರ್ತ್ ಆ ತತ್ತ್ವಕ್ಕೆ ತಾನರಿಯದೆಯೇ ಜೋಡಿಸಿತೆಂದರೆ ತಪ್ಪಾಗಲಾರದು. ನಮ್ಮ ಮಹಾರಾಷ್ಟ್ರದಲ್ಲಿಯೇ ವರೋರಾದ ಬಳಿ ಬಾಬಾ ಆಮ್ಟೆಯವರು ಕುಷ್ಠರೋಗಿಗಳಿಗಾಗಿ ಕಟ್ಟಿದ ಆನಂದವನವೂ ಇದೇ ನಂಬಿಕೆಯ ಮೇಲೆ ನಿಂತಿದೆ.

ಗಡಿಯೂ ಗುಳಿಗೆಯೂ

1950ರ ದಶಕದಲ್ಲಿ ಎರಡು ದೊಡ್ಡ ಬದಲಾವಣೆಗಳು ಏಕಕಾಲಕ್ಕೆ ಬಂದವು. ಒಂದು ಗುಳಿಗೆ, ಇನ್ನೊಂದು ಗಡಿ.

1943ರಲ್ಲಿ ಸ್ಟ್ರೆಪ್ಟೊಮೈಸಿನ್, ಬಳಿಕ ಪ್ಯಾಸ್, 1952ರಲ್ಲಿ ಐಸೋನಿಯಾಜಿಡ್ ಬಂದು ಕ್ಷಯವು ಗುಣಪಡಿಸಬಲ್ಲ ರೋಗವಾಯಿತು. 1956ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಚಿಕಿತ್ಸಾ ಸಂಶೋಧನ ಕೇಂದ್ರವು ಬಡ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದನ್ನು ಸ್ಯಾನಟೋರಿಯಂನಲ್ಲಿಯೂ ಇನ್ನೊಂದನ್ನು ಮನೆಯಲ್ಲಿಯೂ ಅದೇ ಔಷಧದಿಂದ ನೋಡಿಕೊಂಡಿತು. ಫಲ ಹೆಚ್ಚುಕಡಮೆ ಸಮವೆಂದು 1959ರಲ್ಲಿ ಪ್ರಕಟವಾಯಿತು. ಮನೆಯ ಇತರರಿಗೆ ಅಪಾಯವೂ ಹೆಚ್ಚಲಿಲ್ಲ. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆದ ಅಧ್ಯಯನವೊಂದು ರೋಗಿಗಳಲ್ಲಿ ಬಹುಪಾಲು ಜನ ತಮ್ಮ ಲಕ್ಷಣಗಳನ್ನು ತಾವೇ ಅರಿತಿರುವರೆಂದು 1963ರಲ್ಲಿ ತೋರಿಸಿ, ಹಳ್ಳಿಯವರು ಅಜ್ಞಾನಿಗಳೆಂಬ ನೆಪವನ್ನು ತೊಡೆದುಹಾಕಿತು. ಲಕ್ಷಾಂತರ ಜೀವಗಳನ್ನುಳಿಸಿದ ಈ ವಿಜಯಕ್ಕೆ ನಾವು ತಲೆಬಾಗುತ್ತೇವೆ. ಆದರೆ ಸ್ಯಾನಟೋರಿಯಂಗಳ ಮಹತ್ತ್ವ ಕುಗ್ಗಿದಂತೆ ಅಲ್ಲಿದ್ದ ವ್ಯಾಯಾಮ, ಅಳತೆಯ ದುಡಿಮೆ, ದೀರ್ಘಕಾಲದ ಆರೈಕೆಗಳೂ ಹಿಂದೆ ಸರಿದವು. ಗುಳಿಗೆ ಮನೆಬಾಗಿಲಿಗೆ ಬಂದಿತು, ಆರೈಕೆ ಅದರ ಜೊತೆಗೆ ಬರಲಿಲ್ಲ.

ಇನ್ನು ಗಡಿ. 1956ರ ನವೆಂಬರ್ 1ರಂದು ಬೀದರ ಮೈಸೂರು ರಾಜ್ಯಕ್ಕೆ, ವಿಕಾರಾಬಾದ್ ಆಂಧ್ರಕ್ಕೆ, ಅಹಮದಪುರ, ನಿಲಂಗಾ, ಉದಗೀರಗಳು ಮುಂಬಯಿ ರಾಜ್ಯಕ್ಕೆ ಹೋದವು. ಉದಗೀರದವರಿಗೆ ಬೀದರಕ್ಕಿಂತ ಸುಮಾರು ಇಮ್ಮಡಿ ದೂರದ ಉಸ್ಮಾನಾಬಾದ್ ಜಿಲ್ಲಾ ಕೇಂದ್ರವಾಯಿತು. 1982ರ ಆಗಸ್ಟ್ 16ರಂದು ಲಾತೂರ್ ಜಿಲ್ಲೆ ಹುಟ್ಟುವವರೆಗೆ ಆ ದೂರ ಹಾಗೆಯೇ ಇತ್ತು. ರೈಲುಹಳಿ ಕದಲಲಿಲ್ಲ, ಆದರೆ ಅದರ ಮೇಲೆ ಹೋಗುವ ರೋಗಿ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುವ ಪರದೇಶಿಯಾದ. ರಾಜ್ಯಗಳ ಪುನರ್ವಿಂಗಡಣೆಯನ್ನು ನಾವು ಭಾಷೆಯ, ಶಾಲೆಯ ದೃಷ್ಟಿಯಿಂದ ಚರ್ಚಿಸಿದ್ದೇವೆ. ರೋಗಿಯ ದೃಷ್ಟಿಯಿಂದ ಚರ್ಚಿಸಿದ್ದು ಕಡಮೆ.

ನಮ್ಮ ಬಾಲ್ಯದ ಶಾಲಾದಿನಗಳಲ್ಲಿ ಗಾಂಧೀ ಜಯಂತಿಯಿಂದ ಆರಂಭಿಸಿ ಟಿ.ಬಿ. ಸೀಲುಗಳನ್ನು ಮಾರುವ ವಾಡಿಕೆಯಿತ್ತು. ಭಾರತೀಯ ಕ್ಷಯರೋಗ ಸಂಘವು 1950ರಲ್ಲಿ ಆರಂಭಿಸಿದ ಈ ಕ್ರಮದಲ್ಲಿ ಎರಡು ಅಡ್ಡಗೆರೆಗಳ ಕೆಂಪು ಶಿಲುಬೆಯಿದ್ದ ಪುಟ್ಟ ಚೀಟಿಗಳನ್ನು ಮಕ್ಕಳು ಮನೆಮನೆಗೆ ಒಯ್ಯುತ್ತಿದ್ದರು. ಅದರಿಂದ ಕೂಡಿದ ಹಣಕ್ಕಿಂತ, ರೋಗದ ಹೆಸರನ್ನು ಅಂಜದೆ ಬಾಯಿಬಿಟ್ಟು ಹೇಳಲು ಮಕ್ಕಳು ಕಲಿತದ್ದೇ ದೊಡ್ಡ ಲಾಭ.

ಇಂದಿನ ಕರ್ತವ್ಯ

ಶಸ್ತ್ರಚಿಕಿತ್ಸೆಯ ಕಾಲ ಮುಗಿಯಿತೇ? ಇಲ್ಲ. ಔಷಧಕ್ಕೆ ಜಗ್ಗದ ಕ್ಷಯದಲ್ಲಿ, ರೋಗ ಒಂದೇ ಭಾಗಕ್ಕೆ ಸೀಮಿತವಾಗಿದ್ದರೆ ಆ ಭಾಗವನ್ನು ತೆಗೆಯುವುದನ್ನು ಔಷಧದ ಜೊತೆಗಿನ ಒಂದು ಆಯ್ಕೆಯಾಗಿ ವಿಶ್ವ ಆರೋಗ್ಯ ಸಂಸ್ಥೆ 2016ರ ಮಾರ್ಗಸೂಚಿಯಲ್ಲಿ ಒಪ್ಪಿದೆ. ಹಳೆಯ ಗುಳಿಯಲ್ಲಿ ಶಿಲೀಂಧ್ರ ಬೆಳೆದು ರಕ್ತ ಕಾರುವವರಿಗೂ ಶಸ್ತ್ರಚಿಕಿತ್ಸೆಯ ಅಗತ್ಯ ಬೀಳುತ್ತದೆ. ಜಗತ್ತಿನ ಕ್ಷಯರೋಗಿಗಳಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಜನ ನಮ್ಮ ದೇಶದಲ್ಲಿಯೇ ಇದ್ದಾರೆ. ಶಸ್ತ್ರಚಿಕಿತ್ಸೆಯಿಲ್ಲದೆ ಗುಣವಾದವರಲ್ಲಿಯೂ ಅನೇಕರಿಗೆ ಏದುಸಿರು ಉಳಿಯುತ್ತದೆಂಬುದನ್ನು ಲೋಕ ಈಗೀಗ ಒಪ್ಪಿಕೊಳ್ಳುತ್ತಿದೆ. ಕ್ಷಯೋತ್ತರ ಬಾಳನ್ನೇ ಕುರಿತ ಮೊದಲ ಅಂತರರಾಷ್ಟ್ರೀಯ ಗೋಷ್ಠಿ 2019ರಲ್ಲಿ ದಕ್ಷಿಣ ಆಫ್ರಿಕದಲ್ಲಿ ನಡೆಯಿತು; 2021ರಲ್ಲಿ ತಜ್ಞರು ಅದಕ್ಕೆ ಮಾನದಂಡಗಳನ್ನು ಪ್ರಕಟಿಸಿದರು. ಚಿಕಿತ್ಸೆ ಮುಗಿದ ಪ್ರತಿಯೊಬ್ಬರ ಉಸಿರಿನ ಶಕ್ತಿಯನ್ನು ಪರೀಕ್ಷಿಸಬೇಕು, ಬೇಕಾದವರಿಗೆ ಉಸಿರಿನ ವ್ಯಾಯಾಮ ಕಲಿಸಬೇಕು ಎಂಬುದೇ ಅವುಗಳ ಸಾರ.

ನಮ್ಮ ಕಾನೂನಿನಲ್ಲೊಂದು ಕೊರತೆಯಿದೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದಲ್ಲಿ 21 ಬಗೆಯ ನ್ಯೂನತೆಗಳಿವೆ. ಕುಷ್ಠರೋಗದಿಂದ ಗುಣಮುಖರಾದವರಿಗೆ ಅದರಲ್ಲಿ ಸ್ಥಾನವಿದೆ. ಅದು ಅತ್ಯಂತ ನ್ಯಾಯವಾದುದು. ಆದರೆ ಕ್ಷಯದಿಂದ ಗುಣಮುಖರಾಗಿ ಒಂದು ಶ್ವಾಸಕೋಶವನ್ನೇ ಕಳೆದುಕೊಂಡು, ಹತ್ತು ಮೆಟ್ಟಿಲು ಹತ್ತಲಾರದವರಿಗೆ ಆ ಪಟ್ಟಿಯಲ್ಲಿ ಹೆಸರಿಲ್ಲ. ನಿಕ್ಷಯ ಪೋಷಣ ಯೋಜನೆಯಲ್ಲಿ 2018ರಿಂದ ತಿಂಗಳಿಗೆ 500 ರೂಪಾಯಿ, 2024ರ ನವೆಂಬರಿನಿಂದ 1000 ರೂಪಾಯಿ ದೊರೆಯುತ್ತದೆ. ಅದು ಚಿಕಿತ್ಸೆಯ ಕಾಲಕ್ಕೆ ಮಾತ್ರ. ಔಷಧ ಮುಗಿದ ದಿನವೇ ಸಹಾಯವೂ ಮುಗಿಯುತ್ತದೆ. ಕಲ್ಲುಗಣಿಗೆ, ಕಬ್ಬಿನ ಗದ್ದೆಗೆ, ಪುಣೆ ಹೈದರಾಬಾದುಗಳ ಕಟ್ಟಡ ಕೆಲಸಕ್ಕೆ ಹೋಗಿ ದುಡಿಯಬೇಕಾದ ನಮ್ಮ ಜನರಿಗೆ ನಿಜವಾದ ಕಷ್ಟ ಆರಂಭವಾಗುವುದು ಆ ದಿನದಿಂದ.

ಸಾಹಿತ್ಯ ಸಮ್ಮೇಳನದ ಸಂಚಿಕೆಯಲ್ಲಿ ಇದೇಕೆಂದು ಕೆಲವರು ಕೇಳಬಹುದು. ಸಂಘವು ಭಾಷೆಯ ಕೆಲಸಕ್ಕಾಗಿ ಹುಟ್ಟಿದೆ. ಇದು ಭಾಷೆಯ ಕೆಲಸವೇ. ಲಾತೂರ್, ಸೊಲ್ಲಾಪುರ, ಬೀದರಗಳ ಸರಕಾರಿ ವೈದ್ಯಕೀಯ ಕಾಲೇಜುಗಳಿಂದ ಹೊರಡುವ ಗಡಿಯ ಕನ್ನಡ ರೋಗಿಯ ಕೈಯಲ್ಲಿ ಕನ್ನಡ ಮರಾಠಿಗಳೆರಡರಲ್ಲಿಯೂ ಮುದ್ರಿಸಿದ, ಚಿತ್ರಸಹಿತವಾದ ಒಂದು ಹಾಳೆಯಿರಲಿ: ಹೇಗೆ ಕೆಮ್ಮಬೇಕು, ಹೇಗೆ ತೋಳೆತ್ತಬೇಕು, ಎಷ್ಟು ನಡೆಯಬೇಕು, ಯಾವ ಲಕ್ಷಣ ಕಂಡರೆ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ವೈದ್ಯರು ಬರೆದುಕೊಟ್ಟರೆ ಭಾಷೆಯನ್ನು ತಿದ್ದಿಕೊಡಲು ನಮ್ಮಂತಹ ನಿವೃತ್ತ ಅಧ್ಯಾಪಕರು ಸಿದ್ಧರಿದ್ದೇವೆ. ಉಸಿರಿನ ಶಕ್ತಿಯನ್ನಳೆಯುವ ಆರು ನಿಮಿಷಗಳ ನಡಿಗೆಯ ಪರೀಕ್ಷೆಗೆ ಬೇಕಾದುದು 30 ಮೀಟರಿನ ಸಮತಟ್ಟು ಜಾಗ ಮತ್ತು ಒಂದು ಗಡಿಯಾರ. ಪರೀಕ್ಷಿಸಲು ವೈದ್ಯರೋ ಆರೋಗ್ಯ ಕಾರ್ಯಕರ್ತರೋ ಬಂದರೆ ನಮ್ಮ ಶಾಲೆಗಳ ಪಡಸಾಲೆ ರಜೆಯ ದಿನ ಅದಕ್ಕೆ ಒದಗೀತು. ಗುಣಮುಖರಾದವರಿಗೆ ಕುಳಿತು ಮಾಡುವ ಕೆಲಸಗಳನ್ನು, ಹೊಲಿಗೆ, ಪುಸ್ತಕಕ್ಕೆ ರಟ್ಟು ಕಟ್ಟುವುದು, ಅಂಗಡಿಯ ಲೆಕ್ಕ ಬರೆಯುವುದು ಇಂತಹವನ್ನು, ಕೊಡಬಲ್ಲ ಸದಸ್ಯರು ನಮ್ಮಲ್ಲಿ ಅನೇಕರಿದ್ದಾರೆ. ಹೊಗೆಯಿಲ್ಲದ ಒಲೆ, ಬೀಡಿಯಿಲ್ಲದ ಮನೆ ಎಂಬ ಎರಡು ಮಾತುಗಳನ್ನು ನಮ್ಮ ಮಹಿಳಾ ಸದಸ್ಯರು ಮನೆಮನೆಗೂ ಮುಟ್ಟಿಸಬಲ್ಲರು.

ಎಲ್ಲಕ್ಕಿಂತ ಕಡಮೆ ಖರ್ಚಿನ, ಆದರೆ ಎಲ್ಲಕ್ಕಿಂತ ಕಠಿಣವಾದ ಕೆಲಸ ಇನ್ನೊಂದಿದೆ. ಚಿಕಿತ್ಸೆ ಮುಗಿಸಿ ಬಂದವನಿಗೆ ಪಂಕ್ತಿಯಲ್ಲಿ ಎಲ್ಲರೊಡನೆ ಎಲೆ ಹಾಕುವುದು, ಅವನ ಮನೆಗೆ ಹೆಣ್ಣು ಕೊಡುವುದು, ಅವಳ ಮನೆಯಿಂದ ಹೆಣ್ಣು ತರುವುದು. ಇದಕ್ಕೆ ಯಾವ ಸರಕಾರದ ಆದೇಶವೂ ಬೇಕಿಲ್ಲ. ಸಂಘದ ಕಾರ್ಯಕಾರಿ ಸಮಿತಿ ಮೊದಲ ಹೆಜ್ಜೆಯಾಗಿ ಆ ದ್ವಿಭಾಷಾ ಹಾಳೆಯನ್ನು ಕೈಗೆತ್ತಿಕೊಂಡು, ಬರುವ ಮಾರ್ಚ್ 24ರ ವಿಶ್ವ ಕ್ಷಯರೋಗ ದಿನಕ್ಕೆ ಹೊರತರಲೆಂದು ನಾವು ವಿನಯಪೂರ್ವಕವಾಗಿ ಕೋರುತ್ತೇವೆ.